ಯಾವ ದವಾಖಾನೆಗೆ?

ನರಗುಂದದಿಂದ ಹೊರಡುವ ದಾರಿಗಳಲ್ಲಿ, ಪ್ರಾಣಾಪಾಯದಲ್ಲಿರುವ ರೋಗಿಯನ್ನು ಹೊತ್ತ ವಾಹನವೊಂದು ಹಿಡಿಯಬಹುದಾದವು ಮುಖ್ಯವಾಗಿ ಮೂರು. ನವಲಗುಂದದ ಮೇಲೆ ಹಾಯ್ದು ನೈಋತ್ಯಕ್ಕೆ ಹುಬ್ಬಳ್ಳಿಯನ್ನು ಸೇರುವ ಹೆದ್ದಾರಿ ಒಂದು. ಆಗ್ನೇಯಕ್ಕೆ ಜಿಲ್ಲಾಸ್ಥಳವಾದ ಗದಗಿಗೆ ಹೋಗುವ ರಸ್ತೆ ಇನ್ನೊಂದು. ಕೊಣ್ಣೂರಿನ ಬಳಿ ಮಲಪ್ರಭೆಯನ್ನು ದಾಟಿ ಉತ್ತರದಲ್ಲಿ ಬಾಗಲಕೋಟೆಯ ಕಡೆಗೆ ಸಾಗುವುದು ಮೂರನೆಯದು. ಯಾವುದನ್ನು ಹಿಡಿದರೂ ಐವತ್ತು ಕಿಲೋಮೀಟರಿನ ಆಸುಪಾಸು ಇಲ್ಲವೆ ಅದಕ್ಕೂ ಮಿಗಿಲಾದ ಹಾದಿಯನ್ನು ಕ್ರಮಿಸಿಯೇ ದೊಡ್ಡ ದವಾಖಾನೆಯ ಬಾಗಿಲನ್ನು ಕಾಣಬೇಕು. ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಅವುಗಳಿಗೆ ಸೇರಿದ ಆಸ್ಪತ್ರೆಗಳಿವೆ, ಅವಲ್ಲದೆ ಖಾಸಗಿ ಆಸ್ಪತ್ರೆಗಳೂ ಬೇಕಾದಷ್ಟಿವೆ. ಆದರೆ ಈ ಮೂರು ದಿಕ್ಕುಗಳಲ್ಲಿ ಯಾವ ದಿಕ್ಕು, ಯಾವ ವ್ಯಾಧಿಗೆ, ಯಾವ ಹೊತ್ತಿನಲ್ಲಿ ಎಂಬುದನ್ನು ನಿಶ್ಚಯಿಸುವವರು ಯಾರು? ವಾಸ್ತವದಲ್ಲಿ ಅದನ್ನು ನಿಶ್ಚಯಿಸುವವನು ಎದೆಯನ್ನು ಹಿಡಿದುಕೊಂಡು ಕುಳಿತ ಹಿರಿಯರ ಕಂಗಾಲಾದ ಮಗ. ಅವನಿಗೆ ತೋಚದಿದ್ದರೆ ಗಾಡಿಯ ಚಾಲಕ. ಅವನೂ ಅನುಮಾನಿಸಿದರೆ ‘ಹುಬ್ಬಳ್ಳಿಗೇ ಒಯ್ಯಿರಿ, ಅಲ್ಲಿ ನಮ್ಮವರು ಒಬ್ಬರು ಇದ್ದಾರೆ’ ಎನ್ನುವ ನೆರೆಮನೆಯವರು. ವೈದ್ಯಶಾಸ್ತ್ರ ನಿಮಿಷಗಳ ಲೆಕ್ಕದಲ್ಲಿ ಮಾತನಾಡುವ ವಿಷಯವನ್ನು ಹೀಗೆ ಪರಿಚಯದ ಬಲಕ್ಕೂ ಅದೃಷ್ಟಕ್ಕೂ ಬಿಟ್ಟುಕೊಟ್ಟಿರುವುದು ನಮ್ಮ ಆಡಳಿತದ ಒಂದು ದೊಡ್ಡ ನ್ಯೂನತೆ ಎಂಬುದು ಈ ಲೇಖಕನ ಅಭಿಪ್ರಾಯ.

ಇಂಥ ನಿರ್ಣಯವನ್ನು ರೋಗ ಬರುವುದಕ್ಕೆ ಮೊದಲೇ, ಶಾಂತಚಿತ್ತದಿಂದ, ತಜ್ಞರ ಸಲಹೆಯಂತೆ ರಾಜ್ಯವೇ ಮಾಡಿಡತಕ್ಕದ್ದು ಎಂಬ ತತ್ತ್ವವು ಜಗತ್ತಿನ ಅನೇಕ ಕಡೆಗಳಲ್ಲಿ ಅರ್ಧ ಶತಮಾನದಿಂದ ಆಚರಣೆಯಲ್ಲಿದೆ. ಯಾವ ಆಸ್ಪತ್ರೆಯು ಹೃದಯಾಘಾತಕ್ಕೆ, ಯಾವುದು ಲಕ್ವಾಕ್ಕೆ, ಯಾವುದು ಅಪಘಾತದ ತೀವ್ರ ಗಾಯಗಳಿಗೆ ತಕ್ಕುದಾಗಿದೆ ಎಂಬುದನ್ನು ಪರೀಕ್ಷಿಸಿ, ಮಟ್ಟವನ್ನು ಗೊತ್ತುಪಡಿಸಿ, ಆ ಹೆಸರನ್ನು ಪ್ರಕಟಿಸಿ, ಅಂಬುಲೆನ್ಸಿನವರು ಅದಕ್ಕೆ ಅನುಸಾರವಾಗಿಯೇ ನಡೆಯುವಂತೆ ವಿಧಿಸಿ, ನಿಯತ ಕಾಲ ಕಳೆದ ಮೇಲೆ ಮತ್ತೆ ಪರೀಕ್ಷಿಸಿ, ಯೋಗ್ಯತೆ ಕುಂದಿದ್ದರೆ ಆ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಈ ವ್ಯವಸ್ಥೆಯ ಸ್ವರೂಪ. ಕೇಳುವುದಕ್ಕೆ ಇದು ಕಚೇರಿಯ ಕಾಗದದ ಕೆಲಸದಂತೆ ತೋರಬಹುದು. ಆದರೆ ಇದರ ಹಿಂದಿರುವುದು ದೇಹದ ನಿಯಮವೇ ಹೊರತು ಕಚೇರಿಯ ನಿಯಮವಲ್ಲ.

ಅದೆಂತೆಂದರೆ, ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಲಕ್ವಾ ಹೊಡೆದಾಗ, ಚಿಕಿತ್ಸೆ ದೊರೆಯದ ಪ್ರತಿಯೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ತಜ್ಞರು ಗಣಿಸಿದ್ದಾರೆ. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಅದನ್ನು ಕೊಡುವುದಕ್ಕೆ ಮುಂಚೆ, ಒಳಗೆ ನಡೆದಿರುವುದು ಹೆಪ್ಪುಗಟ್ಟುವಿಕೆಯೋ ರಕ್ತಸ್ರಾವವೋ ಎಂಬುದನ್ನು ಸಿ.ಟಿ. ಯಂತ್ರದಿಂದ ಖಚಿತಪಡಿಸಿಕೊಳ್ಳಲೇಬೇಕು, ಏಕೆಂದರೆ ಒಂದಕ್ಕೆ ಅಮೃತವಾದ ಔಷಧವು ಇನ್ನೊಂದಕ್ಕೆ ವಿಷ. ಆದ್ದರಿಂದ ಸಿ.ಟಿ. ಇಲ್ಲದ ಆಸ್ಪತ್ರೆ ಎಷ್ಟೇ ಸಮೀಪದಲ್ಲಿರಲಿ, ಎಷ್ಟೇ ಸದ್ಭಾವವುಳ್ಳ ವೈದ್ಯರಿಂದ ಕೂಡಿರಲಿ, ಲಕ್ವಾ ರೋಗಿಗೆ ಅದು ತಂಗುವ ಚಾವಡಿಯಷ್ಟೇ. ಹೃದಯದ ವಿಷಯ ಸ್ವಲ್ಪ ಬೇರೆ. ಅಲ್ಲಿ ನಾಳವನ್ನು ಬಲೂನಿನಿಂದ ತೆರೆಯುವ ಕ್ರಮವೇ ಶ್ರೇಷ್ಠವಾದರೂ, ಅಂಥ ಸೌಲಭ್ಯವುಳ್ಳ ಕಡೆಗೆ ಎರಡು ಗಂಟೆಗಳಲ್ಲಿ ಆ ಕೆಲಸ ಸಾಧ್ಯವಾಗದೆಂದು ಕಂಡರೆ, ಇದ್ದ ಸ್ಥಳದಲ್ಲಿಯೇ ಇ.ಸಿ.ಜಿ. ನೋಡಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕೊಟ್ಟು, ತದನಂತರ ದೊಡ್ಡ ಆಸ್ಪತ್ರೆಗೆ ಕಳಿಸುವುದು ಶಾಸ್ತ್ರಸಮ್ಮತ. ಎಂದರೆ ಹೃದಯಾಘಾತದಲ್ಲಿ ಹತ್ತಿರದ ಸಣ್ಣ ಆಸ್ಪತ್ರೆಯೇ ಪ್ರಾಣದಾಯಕವಾಗಬಲ್ಲುದು. ಲಕ್ವಾದಲ್ಲಿ ಅದೇ ಆಸ್ಪತ್ರೆಯಲ್ಲಿ ಕಳೆದ ಅರ್ಧ ಗಂಟೆ ಹಾನಿಯಾಗಬಲ್ಲುದು. ಹಾವು ಕಡಿದವನಿಗಾದರೆ ವಿಷನಿರೋಧಕ ಔಷಧವೂ ಉಸಿರಾಟಕ್ಕೆ ಆಸರೆಯಾಗುವ ಯಂತ್ರವೂ ಬೇಕು. ಹೆರಿಗೆಯಲ್ಲಿ ರಕ್ತಸ್ರಾವಕ್ಕೆ ಗುರಿಯಾದ ತಾಯಿಗೆ ಶಸ್ತ್ರಚಿಕಿತ್ಸಕರೂ ಅರಿವಳಿಕೆಯವರೂ ರಕ್ತವೂ ಏಕಕಾಲದಲ್ಲಿ ಬೇಕು. ರೋಗಿಯ ಮಗನಿಗಾಗಲಿ ಚಾಲಕನಿಗಾಗಲಿ ಈ ಭೇದಗಳೆಲ್ಲ ತಿಳಿದಿರಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ.

ಈ ವಿಚಾರವು ಮೊದಲು ವ್ಯವಸ್ಥಿತ ರೂಪವನ್ನು ತಾಳಿದುದು ಅಮೆರಿಕದಲ್ಲಿ. ಅಪಘಾತದ ಸಾವುಗಳನ್ನು ಸಮಾಜವು ಅಲಕ್ಷಿಸಿದ ಮಹಾವ್ಯಾಧಿಯೆಂದು ಸಾರಿದ ಒಂದು ವರದಿ ಅಲ್ಲಿ 1966ರಲ್ಲಿ ಹೊರಬಂದಿತು. ಇಲಿನಾಯ್ ರಾಜ್ಯವು 1971ರಲ್ಲಿ ತನ್ನ ಆಸ್ಪತ್ರೆಗಳನ್ನು ಅಪಘಾತ ಚಿಕಿತ್ಸೆಗಾಗಿ ಶ್ರೇಣಿಗಳಾಗಿ ವಿಂಗಡಿಸಿ ರಾಜ್ಯವ್ಯಾಪಿಯಾದ ಜಾಲವನ್ನು ಕಟ್ಟಿತು. ಆದರೆ ಇದರ ಪ್ರಯೋಜನವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದುದು 1979ರಲ್ಲಿ ವೆಸ್ಟ್, ಟ್ರಂಕಿ ಎಂಬ ಶಸ್ತ್ರವೈದ್ಯರೂ ಅವರ ಸಂಗಡಿಗರೂ ಪ್ರಕಟಿಸಿದ ಒಂದು ಅಧ್ಯಯನ. ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಪಘಾತದ ಗಾಯಾಳುಗಳೆಲ್ಲರನ್ನೂ ಒಂದೇ ಗೊತ್ತಾದ ಆಸ್ಪತ್ರೆಗೆ ಒಯ್ಯುತ್ತಿದ್ದರು. ಅದೇ ರಾಜ್ಯದ ಆರೆಂಜ್ ಕೌಂಟಿಯಲ್ಲಿ ಹತ್ತಿರದಲ್ಲಿ ಯಾವುದಿದೆಯೋ ಅದಕ್ಕೆ ಒಯ್ಯುತ್ತಿದ್ದರು. ಎರಡೂ ಕಡೆಗಳಲ್ಲಿ ಸತ್ತವರ, ಸುಮಾರು ತೊಂಬತ್ತು ತೊಂಬತ್ತರಂತೆ, ದಾಖಲೆಗಳನ್ನು ತಜ್ಞರು ಪರಿಶೀಲಿಸಿದಾಗ, ಆರೆಂಜ್ ಕೌಂಟಿಯಲ್ಲಿ ತಲೆಯ ಪೆಟ್ಟಿನಿಂದಲ್ಲದೆ ಸತ್ತವರ ಪೈಕಿ ಮೂರರಲ್ಲಿ ಎರಡು ಪಾಲಿನಷ್ಟು ಸಾವುಗಳನ್ನು ತಪ್ಪಿಸಬಹುದಾಗಿತ್ತೆಂದು ಕಂಡುಬಂದಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಗೆ ಹೇಳಬಹುದಾದ ಸಾವು ಒಂದೇ ಒಂದು. ಆರೆಂಜ್ ಕೌಂಟಿಯ ವೈದ್ಯರು ಅಸಮರ್ಥರೆಂದು ಇದರ ಅರ್ಥವಲ್ಲ. ಯಾರಿಗೂ ಗೊತ್ತುಪಡಿಸದ ಕೆಲಸಕ್ಕೆ ಯಾರೂ ಸಿದ್ಧರಾಗಿರಲಿಲ್ಲ, ಅಷ್ಟೇ.

ಲಂಡನ್ ನಗರವು 2010ರಲ್ಲಿ ಲಕ್ವಾ ಚಿಕಿತ್ಸೆಯನ್ನು ಮೂವತ್ತಕ್ಕೂ ಹೆಚ್ಚು ಆಸ್ಪತ್ರೆಗಳಿಂದ ತೆಗೆದು ಎಂಟೇ ಕೇಂದ್ರಗಳಿಗೆ ಒಪ್ಪಿಸಿತು. ತಮ್ಮ ಬೀದಿಯ ಆಸ್ಪತ್ರೆಯಿಂದ ಈ ಸೇವೆ ಕಿತ್ತುಹೋಗುವುದನ್ನು ಯಾವ ಜನರೂ ಸಂತೋಷದಿಂದ ಒಪ್ಪಲಾರರು. ಆದರೂ ಕೆಲವು ವರ್ಷಗಳ ತರುವಾಯ ನಡೆದ ಅಧ್ಯಯನವು ಸಾವಿನ ಪ್ರಮಾಣ ಇಳಿದುದನ್ನು ತೋರಿಸಿಕೊಟ್ಟಿತು. ಇದನ್ನು ಇಲ್ಲಿ ಉದಾಹರಿಸುವಾಗ ಒಂದು ಎಚ್ಚರಿಕೆಯೂ ಅಗತ್ಯ. ಲಂಡನ್ನಿನಲ್ಲಿ ಎಂಟು ಕೇಂದ್ರಗಳೆಂದರೆ ಯಾವ ಮನೆಯಿಂದಲೂ ಅರ್ಧ ಗಂಟೆಯ ಹಾದಿ. ರೋಣದ ಒಂದು ಹಳ್ಳಿಗೂ ಗಜೇಂದ್ರಗಡದ ಒಂದು ತಾಂಡಾಕ್ಕೂ ಆ ಮಾದರಿಯನ್ನು ತಂದು ಹೊದಿಸಿದರೆ ಅದು ಚಿಕಿತ್ಸೆಯ ಕೇಂದ್ರೀಕರಣವಾಗದೆ ಚಿಕಿತ್ಸೆಯ ಗಡೀಪಾರಾದೀತು. ನಮ್ಮ ಸೀಮೆಗೆ ಹೊಂದುವುದು ಮೇಲಿನ ಕೇಂದ್ರದಷ್ಟೇ ಕೆಳಗಿನ ಮೆಟ್ಟಿಲನ್ನೂ ಬಲಪಡಿಸುವ ಕ್ರಮ.

ಇಷ್ಟಕ್ಕೂ ಆಸ್ಪತ್ರೆಗಳಿಗೆ ಕೆಲಸವನ್ನು ಗೊತ್ತುಪಡಿಸುವುದರಲ್ಲಿ ಒಂದು ಅಪಾಯವೂ ಅಡಗಿದೆ, ಮತ್ತು ಆ ಅಪಾಯದ ಅತ್ಯಂತ ಕಟುವಾದ ನಿದರ್ಶನವು ನಮ್ಮ ದೇಶದ್ದೇ. ಸುಪ್ರೀಂ ಕೋರ್ಟು 1989ರಲ್ಲಿ ಪರಮಾನಂದ ಕಟಾರಾ ಎಂಬವರ ಮೊಕದ್ದಮೆಯಲ್ಲಿ ತೀರ್ಪು ನೀಡಿತು. ಆ ಅರ್ಜಿಗೆ ಮೂಲವಾದುದು ಒಂದು ಪತ್ರಿಕಾ ವರದಿ: ಕಾರೊಂದು ಡಿಕ್ಕಿ ಹೊಡೆದ ಸ್ಕೂಟರ್ ಸವಾರನನ್ನು ದಾರಿಹೋಕರು ಹತ್ತಿರದ ಆಸ್ಪತ್ರೆಗೆ ಒಯ್ದರೆ, ಪೊಲೀಸ್ ಮೊಕದ್ದಮೆಗೆ ಸಂಬಂಧಿಸಿದ ಗಾಯಾಳುಗಳನ್ನು ನೋಡುವ ಅಧಿಕಾರ ತಮಗಿಲ್ಲ, ಇಪ್ಪತ್ತು ಕಿಲೋಮೀಟರು ದೂರದ ಇನ್ನೊಂದು ಆಸ್ಪತ್ರೆಗೆ ಮಾತ್ರ ಅದು ಇದೆ ಎಂದು ಅಲ್ಲಿನವರು ಹೇಳಿ ಕಳಿಸಿದರು, ಆ ಆಸ್ಪತ್ರೆ ತಲುಪುವ ಮೊದಲೇ ಆತ ತೀರಿಕೊಂಡ. ನೋಡಿ, ಇಲ್ಲಿ ಗೊತ್ತುಪಡಿಸಿದ ಆಸ್ಪತ್ರೆ ಇತ್ತು. ನಿಯಮವೂ ಇತ್ತು. ಆ ನಿಯಮವೇ ಕೈ ತೊಳೆದುಕೊಳ್ಳುವ ನೀರಾಯಿತು. ಸರಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಬ್ಬ ವೈದ್ಯನೂ ಪ್ರಾಣರಕ್ಷಣೆಗೆ ತನ್ನ ಕೈಲಾದುದನ್ನು ಮೊದಲು ಮಾಡತಕ್ಕದ್ದು, ಕಾನೂನಿನ ವಿಧಿವಿಧಾನಗಳು ಆಮೇಲೆ ಎಂದು ನ್ಯಾಯಾಲಯ ಸ್ಪಷ್ಟವಾಗಿ ಸಾರಿತು.

ಇದರ ಮಗುಚಿದ ಮುಖವು 1996ರ ಇನ್ನೊಂದು ತೀರ್ಪಿನಲ್ಲಿ ಕಾಣಸಿಗುತ್ತದೆ. ಪಶ್ಚಿಮ ಬಂಗಾಳದ ಹಕೀಂ ಶೇಖ್ ಎಂಬ ಕೃಷಿ ಕಾರ್ಮಿಕ 1992ರ ಜುಲೈಯಲ್ಲಿ ಮಥುರಾಪುರ ನಿಲ್ದಾಣದಲ್ಲಿ ರೈಲಿನಿಂದ ಬಿದ್ದು ತಲೆಗೆ ಭಾರಿ ಪೆಟ್ಟು ಮಾಡಿಕೊಂಡ. ಆತನನ್ನು ಒಂದಾದ ಮೇಲೊಂದರಂತೆ ಹಲವಾರು ಸರಕಾರಿ ಆಸ್ಪತ್ರೆಗಳಿಗೆ ಹೊತ್ತು ತಿರುಗಿದರೂ, ಒಂದು ಕಡೆ ಸೌಕರ್ಯವಿಲ್ಲ, ಇನ್ನೊಂದು ಕಡೆ ಹಾಸಿಗೆಯಿಲ್ಲ ಎಂಬ ಉತ್ತರವೇ ದೊರೆತು, ಕಡೆಗೆ ಖಾಸಗಿ ಆಸ್ಪತ್ರೆಯಲ್ಲಿ ಕೈಯಿಂದ ಹಣ ತೆತ್ತು ಬದುಕಿಕೊಳ್ಳಬೇಕಾಯಿತು. ಸಕಾಲಿಕ ತುರ್ತು ಚಿಕಿತ್ಸೆಯನ್ನು ಒದಗಿಸದಿರುವುದು ಸಂವಿಧಾನದ 21ನೆಯ ವಿಧಿ ನೀಡಿದ ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿ, 25,000 ರೂಪಾಯಿಗಳ ಪರಿಹಾರವನ್ನು ಕೊಡಿಸಿತು. ಹಣವಿಲ್ಲವೆಂಬ ಕಾರಣದಿಂದ ರಾಜ್ಯವು ಈ ಹೊಣೆಯಿಂದ ನುಣುಚಿಕೊಳ್ಳಲಾಗದೆಂದೂ ಹೇಳಿತು. ಆ ಆಸ್ಪತ್ರೆಗಳಲ್ಲಿ ಪ್ರತಿಯೊಂದೂ ಹೇಳಿದುದು ಪ್ರಾಯಃ ನಿಜವೇ ಇದ್ದೀತು. ಆದರೆ ತಲೆಗೆ ಪೆಟ್ಟಾದವನನ್ನು ಸ್ವೀಕರಿಸಲೇಬೇಕಾದ ಆಸ್ಪತ್ರೆ ಯಾವುದು ಎಂಬುದನ್ನು ಮೊದಲೇ ಯಾರೂ ನಿಶ್ಚಯಿಸಿರಲಿಲ್ಲವಾದ್ದರಿಂದ, ಅಷ್ಟೂ ನಿಜಗಳು ಸೇರಿ ಒಂದು ಮಹಾ ಅನ್ಯಾಯವಾದವು.

ಈ ಎರಡು ತೀರ್ಪುಗಳನ್ನು ಒಟ್ಟಿಗಿಟ್ಟು ಓದಿದವರಿಗೆ ಒಳ್ಳೆಯ ನಿಯಂತ್ರಣ ಹೇಗಿರಬೇಕೆಂಬುದು ತಾನಾಗಿ ಹೊಳೆಯುತ್ತದೆ. ಗೊತ್ತುಪಡಿಸದ ಆಸ್ಪತ್ರೆಯು ಬಾಗಿಲಿಗೆ ಬಂದವನ ಉಸಿರು, ರಕ್ತಸ್ರಾವ, ನೋವುಗಳನ್ನು ಹತೋಟಿಗೆ ತಾರದೆ ಮುಂದಕ್ಕೆ ಕಳಿಸಕೂಡದು. ಗೊತ್ತುಪಡಿಸಿದ ಆಸ್ಪತ್ರೆಯು ಯಾವ ಕಾರಣದಿಂದಲೂ ಹಿಂದಕ್ಕೆ ಕಳಿಸಕೂಡದು. ಉಳಿದ ನೂರು ಉಪನಿಯಮಗಳು ಇವೆರಡರ ಸೇವಕರು.

ಇನ್ನು ನಮ್ಮ ರಾಜ್ಯದ ಕಾನೂನು ಯಾವ ದಾರಿಯಲ್ಲಿ ಬಂದಿದೆ ಎಂಬುದನ್ನು ನೋಡಬಹುದು. ಖಾಸಗಿ ನರ್ಸಿಂಗ್ ಹೋಂಗಳ ನಿಯಂತ್ರಣಕ್ಕೆ 1976ರಲ್ಲಿ ಒಂದು ಕಾಯಿದೆಯಾಯಿತು. ಅದರ ಸ್ಥಾನದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ ಬಂದಿತು. ಕೇಂದ್ರವು 2010ರಲ್ಲಿ ಮಾಡಿದ ಕಾನೂನನ್ನು ಅಂಗೀಕರಿಸದೆ ಕರ್ನಾಟಕವು ತನ್ನದನ್ನೇ ಉಳಿಸಿಕೊಂಡಿತು. ಅದಕ್ಕೆ 2017ರಲ್ಲಿ ತಂದ ತಿದ್ದುಪಡಿಯ ಕಾಲದ ಗದ್ದಲವನ್ನು ಓದುಗರು ಮರೆತಿರಲಾರರು. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿ, ಸಚಿವ ಕೆ.ಆರ್. ರಮೇಶ್ ಕುಮಾರರ ಹಟ, ಬೆಳಗಾವಿಯ ಅಧಿವೇಶನದ ಹೊತ್ತಿಗೆ ರಾಜ್ಯದಾದ್ಯಂತ ಖಾಸಗಿ ವೈದ್ಯರ ಮುಷ್ಕರ, ಹಳ್ಳಿಯ ಜನ ಜಿಲ್ಲಾ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದು, ಇವೆಲ್ಲ ಆ ಗದ್ದಲದ ವೃತ್ತಾಂತ. ಆ ತಿದ್ದುಪಡಿಯಿಂದ ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕೆ ಒತ್ತಾಯಿಸಕೂಡದೆಂಬ ನಿಯಮವೂ, ಬಾಕಿ ಹಣಕ್ಕಾಗಿ ಶವವನ್ನು ಒತ್ತೆಯಿಟ್ಟುಕೊಳ್ಳಕೂಡದೆಂಬ ನಿಯಮವೂ ಬಂದವು. ಇವು ಸಣ್ಣ ಲಾಭಗಳಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವೊಂದು ಪ್ರತಿ ಜಿಲ್ಲೆಯಲ್ಲಿಯೂ ಖಾಸಗಿ ಆಸ್ಪತ್ರೆಗಳ ನೋಂದಣಿಯನ್ನು ನೋಡಿಕೊಳ್ಳುತ್ತದೆ. 2024ರಲ್ಲಿ ಆರೋಗ್ಯ ಇಲಾಖೆಯು ಇನ್ನೊಂದು ಆಜ್ಞೆಯನ್ನು ಹೊರಡಿಸಿ, ನೋಂದಣಿ ಸಂಖ್ಯೆಯನ್ನು ಫಲಕದಲ್ಲಿ ಬರೆಸಬೇಕೆಂದೂ, ಅಲೋಪತಿಯದಕ್ಕೆ ನೀಲಿ, ಆಯುರ್ವೇದದ್ದಕ್ಕೆ ಹಸಿರು ಬಣ್ಣವಿರಬೇಕೆಂದೂ ವಿಧಿಸಿತು. ನಕಲಿ ವೈದ್ಯರ ಹಾವಳಿ ಹೆಚ್ಚಿರುವಾಗ ಇದೂ ಉಪಯುಕ್ತವೇ.

ಆದರೆ ನೀಲಿ ಫಲಕವನ್ನು ಕಂಡ ಮಾತ್ರಕ್ಕೆ ನಡುರಾತ್ರಿ ಲಕ್ವಾ ಹೊಡೆದವನಿಗೆ ಅಲ್ಲಿ ಚಿಕಿತ್ಸೆಯಿದೆಯೆ ಇಲ್ಲವೆ ಎಂಬುದು ತಿಳಿಯದು. ಫಲಕದ ಮೇಲೆ ಮಲ್ಟಿ ಸ್ಪೆಷಾಲಿಟಿ, ಸೂಪರ್ ಸ್ಪೆಷಾಲಿಟಿ, ಟ್ರಾಮಾ ಸೆಂಟರ್, 24 ತಾಸು ತುರ್ತು ಸೇವೆ ಎಂಬ ಬಿರುದುಗಳು ಮಿನುಗುತ್ತಿರುತ್ತವೆ. ಹಿಂದಿನ ಕಾಲದ ಸಂಸ್ಥಾನಿಕರ ಬಿರುದಾವಳಿಗೂ ಇವಕ್ಕೂ ವ್ಯತ್ಯಾಸವೆಂದರೆ, ಅವನ್ನು ಯಾರಾದರೂ ಕೊಡುತ್ತಿದ್ದರು, ಇವನ್ನು ಬಹುಮಟ್ಟಿಗೆ ತಾವೇ ಧರಿಸಿಕೊಳ್ಳುತ್ತಾರೆ. ನರಗುಂದದ ರೈತನು ಬೀಜದ ಚೀಲವನ್ನು ಕೊಳ್ಳುವಾಗ ಅದರ ಚೀಟಿಯಲ್ಲಿ ಮೊಳಕೆಯ ಪ್ರಮಾಣವೆಷ್ಟು, ಪರೀಕ್ಷಿಸಿದ ತಾರೀಖು ಯಾವುದು, ಎಂದಿನವರೆಗೆ ಸಿಂಧು ಎಂಬುದನ್ನು ನೋಡುತ್ತಾನೆ. ಅದನ್ನು ಬರೆಯಲೇಬೇಕೆಂದು ಕಾನೂನು ಕಂಪನಿಯನ್ನು ಕಟ್ಟಿಹಾಕಿದೆ. ತುರ್ತು ಚಿಕಿತ್ಸೆಯ ಫಲಕಕ್ಕೆ ಅಂಥ ಚೀಟಿ ಬೇಡವೆ?

ಚೀಟಿಯೇ ಇಲ್ಲವೆಂದರೆ ತಪ್ಪಾದೀತು. ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಉದ್ದೇಶಕ್ಕೆ, ಅರ್ಧಂಬರ್ಧವಾಗಿ ಇದೆ. ಮೊದಲನೆಯದು ಹಣಪಾವತಿಯ ದಾರಿಯಿಂದ ಬಂದದ್ದು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿ ದೇಹ ಎರಡು ತುಂಡಾದರೂ ತನ್ನ ಅಂಗಗಳನ್ನು ದಾನ ಮಾಡಿರೆಂದು ಬೇಡಿಕೊಂಡು ಪ್ರಾಣಬಿಟ್ಟ ಹರೀಶ್ ಎಂಬ ಯುವಕನ ಹೆಸರಿನಲ್ಲಿ ರಾಜ್ಯವು ಆರಂಭಿಸಿದ ಸಾಂತ್ವನ ಯೋಜನೆಯು ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ಭರಿಸುವುದಾಗಿ ಹೇಳಿತು. 2018ರಲ್ಲಿ ಬಂದ ಆರೋಗ್ಯ ಕರ್ನಾಟಕವು, ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆಯೇ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಬಹುದಾದ ಸುಮಾರು 170 ತುರ್ತು ಚಿಕಿತ್ಸೆಗಳನ್ನು ಪಟ್ಟಿಮಾಡಿತು. ಕೇಂದ್ರ ಸರಕಾರವು 2025ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟಿನ ಕಟ್ಟಪ್ಪಣೆಯ ಮೇಲೆ, ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಜಾರಿಗೆ ತಂದಿತು. ಈ ಕಡೆಯದರಲ್ಲಿ ಗೊತ್ತುಪಡಿಸಿದ ಆಸ್ಪತ್ರೆ ಎಂಬ ಪದವೇ ನಿಯಮದಲ್ಲಿದೆ: ಅಂಥ ಆಸ್ಪತ್ರೆಯಲ್ಲಿ ಪೂರ್ಣ ಚಿಕಿತ್ಸೆ, ಇತರ ಆಸ್ಪತ್ರೆಯಲ್ಲಿ ಪ್ರಾಣವನ್ನು ಸ್ಥಿಮಿತಕ್ಕೆ ತರುವಷ್ಟು ಚಿಕಿತ್ಸೆ. ಮೇಲೆ ಹೇಳಿದ ಎರಡು ತೀರ್ಪುಗಳ ಸಾರವು ಕೊನೆಗೂ ನಿಯಮದ ಭಾಷೆಗೆ ಇಳಿದಂತಾಯಿತು. ಆದರೂ ಹಣ ಪಾವತಿಗಾಗಿ ಮಾಡಿದ ಪಟ್ಟಿಗೂ ಸಾಮರ್ಥ್ಯವನ್ನು ಅಳೆದು ಮಾಡಿದ ಪಟ್ಟಿಗೂ ಅಂತರವಿದೆ. ಬಿಲ್ಲನ್ನು ಯಾರು ಸ್ವೀಕರಿಸುತ್ತಾರೆ ಎಂಬುದು ಮೊದಲನೆಯದರಿಂದ ತಿಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಮಿದುಳಿನ ಶಸ್ತ್ರವೈದ್ಯರು ಇರುತ್ತಾರೆಯೇ ಎಂಬುದು ತಿಳಿಯುವುದಿಲ್ಲ.

ಎರಡನೆಯ ದಾರಿ ಸರಕಾರಿ ಆಸ್ಪತ್ರೆಗಳ ಶ್ರೇಣೀಕರಣದ್ದು. ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಹೆದ್ದಾರಿಗಳ ಉದ್ದಕ್ಕೂ ಸರಕಾರಿ ಆಸ್ಪತ್ರೆಗಳಲ್ಲಿ ಅಪಘಾತ ಚಿಕಿತ್ಸಾ ಘಟಕಗಳನ್ನು ನಾಲ್ಕು ಹಂತಗಳಲ್ಲಿ ಕಲ್ಪಿಸಿದರು: ಉಪಕರಣಸಜ್ಜಿತ ಅಂಬುಲೆನ್ಸೇ ನಾಲ್ಕನೆಯ ಹಂತ, 100ರಿಂದ 150 ಕಿಲೋಮೀಟರಿಗೊಂದು ಮೂರನೆಯದು, 300ಕ್ಕೊಂದು ಎರಡನೆಯದು, 750ರಿಂದ 800ಕ್ಕೊಂದು ಪರಮೋಚ್ಚ ಕೇಂದ್ರ. ಅವರು ಮುಖ್ಯವಾಗಿ ಕಣ್ಣಿಟ್ಟದ್ದು ಮಹಾನಗರಗಳನ್ನು ಬೆಸೆಯುವ ದೊಡ್ಡ ಹೆದ್ದಾರಿಗಳ ಮೇಲೆ. ಹುಬ್ಬಳ್ಳಿಯಿಂದ ವಿಜಯಪುರ, ಸೊಲ್ಲಾಪುರಗಳಿಗೆ ನರಗುಂದದ ಮೇಲೆ ಹಾಯುವ ಲಾರಿಗಳ ಸಾಲು ಆ ನಕಾಶೆಯನ್ನು ಓದಿಕೊಂಡು ಓಡುವುದಿಲ್ಲವಷ್ಟೆ.

ಇದಕ್ಕಿಂತಲೂ ಹಳೆಯದೂ ನನ್ನ ದೃಷ್ಟಿಯಲ್ಲಿ ಹೆಚ್ಚು ಬೋಧಪ್ರದವೂ ಆದುದು ಹೆರಿಗೆಯ ಕ್ಷೇತ್ರದಲ್ಲಿದೆ. ತಾಲೂಕು ಮಟ್ಟದ ಆಸ್ಪತ್ರೆಯನ್ನು ಪ್ರಥಮ ರೆಫರಲ್ ಘಟಕವೆಂದು ಕರೆಯಬೇಕಾದರೆ ಹಾಸಿಗೆಗಳ ಸಂಖ್ಯೆ ಸಾಲದು. ದಿನದ 24 ಗಂಟೆಯೂ ಸಿಸೇರಿಯನ್ ಮುಂತಾದ ಶಸ್ತ್ರಕ್ರಿಯೆ, ನವಜಾತ ಶಿಶುವಿನ ಆರೈಕೆ, ರಕ್ತ ಸಂಗ್ರಹಣೆ ಈ ಮೂರೂ ಇರಬೇಕು ಎಂಬ ನಿಯಮ ಬಹುಕಾಲದಿಂದ ಇದೆ. ಕಟ್ಟಡವನ್ನು ನೋಡಿ ಕೊಡುವ ಹೆಸರಲ್ಲ ಇದು. ನಡೆಯುವ ಕೆಲಸವನ್ನು ನೋಡಿ ಕೊಡತಕ್ಕದ್ದು. ಈ ತತ್ತ್ವ ನಿರ್ದೋಷವಾದುದು. ಆದರೆ ಅರಿವಳಿಕೆ ತಜ್ಞರ ಹುದ್ದೆ ಖಾಲಿ ಬಿದ್ದ ದಿನವೂ ಫಲಕ ಮಾತ್ರ ಯಥಾಸ್ಥಾನದಲ್ಲಿ ತೂಗುತ್ತಿದ್ದರೆ, ಆ ರಾತ್ರಿ ಬಂದ ಗರ್ಭಿಣಿಯನ್ನು ಗದಗಿಗೋ ಹುಬ್ಬಳ್ಳಿಗೋ ಕಳಿಸುವಾಗ ಕಳೆದುಹೋದ ಹೊತ್ತಿಗೆ ಆ ಸುಳ್ಳು ಫಲಕವೂ ಕಾರಣವಾಗುತ್ತದೆ. ಫಲಕವೇ ಇಲ್ಲದಿದ್ದರೆ ಆಕೆಯ ಮನೆಯವರು ನೇರವಾಗಿ ಮುಂದಕ್ಕೆ ಹೋಗುತ್ತಿದ್ದರು. ಆದುದರಿಂದ ಹೆಸರನ್ನು ಕೊಡುವ ಅಧಿಕಾರಕ್ಕಿಂತ, ಕೊಟ್ಟ ಹೆಸರನ್ನು ತಾತ್ಕಾಲಿಕವಾಗಿಯಾದರೂ ಅಮಾನತ್ತಿನಲ್ಲಿಡುವ ಧೈರ್ಯವೇ ನಿಯಂತ್ರಣದ ನಿಜವಾದ ಪರೀಕ್ಷೆ.

ಮೂರನೆಯದು ಹೃದಯದ ದಾರಿ. ನಟ ಪುನೀತ್ ರಾಜ್‌ಕುಮಾರರು 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ನಾಡಿನ ಮನೆಮನೆಯಲ್ಲಿಯೂ ಹೃದಯಾಘಾತದ ಮಾತೇ ಮಾತಾಗಿತ್ತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಜಯದೇವದಂಥ ದೊಡ್ಡ ಹೃದ್ರೋಗ ಕೇಂದ್ರಗಳನ್ನು ನಾಭಿಯನ್ನಾಗಿಯೂ ತಾಲೂಕು, ಜಿಲ್ಲಾ ಆಸ್ಪತ್ರೆಗಳನ್ನು ಅದಕ್ಕೆ ಕೂಡಿಕೊಂಡ ಅರಗಳನ್ನಾಗಿಯೂ ಏರ್ಪಡಿಸಿದ್ದಾರೆ. ಎದೆನೋವೆಂದು ಬಂದವರ ಇ.ಸಿ.ಜಿ.ಯನ್ನು ಇಲ್ಲಿ ತೆಗೆದ ಕೂಡಲೇ ಅಲ್ಲಿ ನೋಡುತ್ತಾರೆ. ಆಘಾತವೆಂದು ಖಚಿತವಾದರೆ, ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಇಲ್ಲಿಯೇ ಉಚಿತವಾಗಿ ಕೊಟ್ಟು, ಆಮೇಲೆ ಮುಂದಿನ ಆಸ್ಪತ್ರೆಗೆ ಕಳಿಸುತ್ತಾರೆ. ನಾನು ಮೇಲೆ ಹೇಳಿದ, ನಮ್ಮ ಸೀಮೆಗೆ ಹೊಂದುವ ಕ್ರಮ ಇದೇ. ಕೆಳಗಿನ ಮೆಟ್ಟಿಲಿಗೆ ಒಂದೇ ಒಂದು ಖಚಿತವಾದ ಕೆಲಸವನ್ನು ಒಪ್ಪಿಸಿ, ಅದಕ್ಕೆ ಬೇಕಾದ ಯಂತ್ರವನ್ನೂ ಔಷಧವನ್ನೂ ಮಾತನಾಡಿಸಬೇಕಾದ ತಜ್ಞರನ್ನೂ ಒದಗಿಸಿದ್ದಾರೆ. ಲಕ್ವಾಕ್ಕೂ ಹಾವಿನ ಕಡಿತಕ್ಕೂ ಇಂಥದೇ ಏರ್ಪಾಡು ಬೇಕು. ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಸರಕಾರಕ್ಕೆ ವರದಿಮಾಡಬೇಕೆಂದು ಕರ್ನಾಟಕವು 2024ರಲ್ಲಿ ಇಡೀ ದೇಶಕ್ಕೆ ಮೊದಲಾಗಿ ನಿಯಮ ಮಾಡಿತು. ಎಣಿಸುವುದು ಆರಂಭವಾಗಿದೆಯೆಂದ ಮೇಲೆ, ಎಣಿಸಿದ್ದನ್ನು ಆಧರಿಸಿ ವಿಷನಿರೋಧಕದ ಸಂಗ್ರಹವೂ ಉಸಿರಾಟದ ಯಂತ್ರವೂ ಇರುವ ಆಸ್ಪತ್ರೆಗಳನ್ನು ಗೊತ್ತುಪಡಿಸುವುದು ಮುಂದಿನ ಹೆಜ್ಜೆ. ಎರೆ ಹೊಲಗಳಲ್ಲಿ ರಾತ್ರಿ ನೀರು ಹಾಯಿಸುವ ಜನರಿರುವ ತಾಲೂಕಿಗೆ ಇದು ದೂರದ ಮಾತಲ್ಲ.

ನರಗುಂದದ ಸಂದರ್ಭದಲ್ಲಿ ಎರಡು ವಿಶೇಷಗಳನ್ನು ಬೆಂಗಳೂರಿನ ಕಚೇರಿಯು ಗಮನಿಸಬೇಕು. ಒಂದು ಗಡಿಯದು. 1997ರಲ್ಲಿ ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದಾಗ ನರಗುಂದವು ಗದಗಿಗೆ ಸೇರಿತು. ಆದರೆ ಜನರ ಕಾಲು ಹುಬ್ಬಳ್ಳಿಯ ಕಡೆಗೂ ತಿರುಗುತ್ತದೆ. ಹುಬ್ಬಳ್ಳಿಯಲ್ಲಿರುವುದು 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಮೆಡಿಕಲ್ ಕಾಲೇಜು. ಜನರ ಬಾಯಲ್ಲಿ ಕಿಮ್ಸ್, ಇತ್ತೀಚೆಗೆ ಮತ್ತೆ ಹೆಸರು ಬದಲಾಗಿ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ. ಗದಗಿನದು 2015ರಲ್ಲಿ ಆರಂಭವಾದ ಜಿಮ್ಸ್. ಇವೆರಡರ ಪೈಕಿ ಯಾವ ರೋಗಕ್ಕೆ ಯಾವುದು ಎಂಬ ಹಂಚಿಕೆಯನ್ನು ಎರಡು ಜಿಲ್ಲೆಗಳ ಅಧಿಕಾರಿಗಳು ಬೇರೆ ಬೇರೆ ಕುಳಿತು ಮಾಡಲಾರರು. ರೋಗ ಜಿಲ್ಲೆಯ ಗಡಿಗೆ ಕಟ್ಟುಬಿದ್ದಿಲ್ಲವಾದ್ದರಿಂದ, ಹಂಚಿಕೆಯು ಜಿಲ್ಲೆಗೆ ಸೀಮಿತವಾಗದೆ ಪ್ರಾಂತಕ್ಕೆ ಅನ್ವಯಿಸುವಂತಿರಬೇಕು.

ಇನ್ನೊಂದು ಮಳೆಗಾಲದ್ದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು ಜಲಾವೃತವಾದಾಗ ಹೆದ್ದಾರಿಯೇ ಮುಚ್ಚಿತು. ಬೆಣ್ಣೆಹಳ್ಳ ಬಂತೆಂದರೆ ಯಾವಗಲ್ಲಿನ ಕಡೆಯ ಹಾದಿಯೂ ಅದರ ದಯೆಯಲ್ಲಿರುತ್ತದೆ. ಬೇಸಿಗೆಯಲ್ಲಿ ಒಂದು ಗಂಟೆಯ ದಾರಿಯಾದುದು ಶ್ರಾವಣದಲ್ಲಿ ಹಾಗೆ ಇರದು. ಆದ್ದರಿಂದ ನಕಾಶೆಯ ಮೇಲೆ ಕಿಲೋಮೀಟರನ್ನು ಅಳೆದು ಆಸ್ಪತ್ರೆಯನ್ನು ಗೊತ್ತುಪಡಿಸಿದರೆ ಸಾಲದು; ಹಳ್ಳ ಬಂದ ದಿನ ಬದಲಿ ದಾರಿ ಯಾವುದು, ಬದಲಿ ಆಸ್ಪತ್ರೆ ಯಾವುದು ಎಂಬುದೂ 2008ರ ನವೆಂಬರ್ 1ರಿಂದ ಈ ನಾಡಿನಲ್ಲಿ ಓಡುತ್ತಿರುವ 108 ಅಂಬುಲೆನ್ಸಿನ ಸಿಬ್ಬಂದಿಯ ಕೈಯಲ್ಲಿರುವ ಆಜ್ಞೆಯಲ್ಲಿಯೇ ಬರೆದಿರಬೇಕು.

ಈ ಬಗೆಯ ನಿಯಂತ್ರಣಕ್ಕೆ ಆಕ್ಷೇಪಗಳಿಲ್ಲದಿಲ್ಲ. ಸಣ್ಣ ಊರಿನ ನರ್ಸಿಂಗ್ ಹೋಂಗಳು ಇದರಿಂದ ಸೊರಗುತ್ತವೆ, ರೋಗಿಗಳೆಲ್ಲ ದೊಡ್ಡ ಖಾಸಗಿ ಆಸ್ಪತ್ರೆಗಳ ಪಾಲಾಗುತ್ತಾರೆ ಎಂದು ವೈದ್ಯಮಿತ್ರರು ಹೇಳುತ್ತಾರೆ. ಮಾತಿನಲ್ಲಿ ಹುರುಳಿದೆ, ಮತ್ತು ಹೃದಯ ಜ್ಯೋತಿಯ ಮಾದರಿಯನ್ನು ಸಣ್ಣ ಖಾಸಗಿ ಆಸ್ಪತ್ರೆಗಳಿಗೂ ವಿಸ್ತರಿಸಿ, ಅವು ಮಾಡಿದ ಮೊದಲ ಗಂಟೆಯ ಕೆಲಸಕ್ಕೆ ಹಣವನ್ನು ತಡಮಾಡದೆ ಕೊಟ್ಟರೆ ಈ ಭಯ ಬಹಳಮಟ್ಟಿಗೆ ನಿವಾರಣೆಯಾದೀತು. ತಪಾಸಣೆಯೆಂದರೆ ಇನ್ನೊಂದು ಬಗೆಯ ವಸೂಲಿ ಎಂಬ ಎರಡನೆಯ ಆಕ್ಷೇಪಕ್ಕೆ ನನ್ನಲ್ಲಿ ಇರುವ ಉತ್ತರ ಒಂದೇ: ಪಟ್ಟಿಯೂ ತಪಾಸಣೆಯ ವರದಿಯೂ ಸಾರ್ವಜನಿಕವಾಗಿರಲಿ. ಗುಟ್ಟಾಗಿ ಕೊಟ್ಟ ಹೆಸರನ್ನು ಗುಟ್ಟಾಗಿ ಮಾರಲೂ ಬರುತ್ತದೆ. ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆದುದನ್ನು ಮಾರುವುದು ಕಷ್ಟ. ಸರಕಾರಿ ಆಸ್ಪತ್ರೆಗಳಿಗೆ ಈ ಅಳತೆಗೋಲಿನಿಂದ ವಿನಾಯಿತಿ ಕೊಡುವುದಂತೂ ಸರ್ವಥಾ ಸಲ್ಲದು.

ಗದಗ ಜಿಲ್ಲಾಧಿಕಾರಿಗಳು ಖಾಸಗಿ ಆಸ್ಪತ್ರೆಗಳ ನೋಂದಣಿ ಪ್ರಾಧಿಕಾರದ ಅಧ್ಯಕ್ಷರೂ ಆಗಿರುವುದರಿಂದ, ಹೊಸ ಕಾನೂನಿಗಾಗಿ ಕಾಯದೆ ಅವರು ಈಗಲೇ ಮಾಡಬಹುದಾದುದು ಒಂದಿದೆ. ಹೃದಯಾಘಾತ, ಲಕ್ವಾ, ಅಪಘಾತ, ಹೆರಿಗೆಯ ತೊಡಕು, ಹಾವಿನ ಕಡಿತ ಈ ಐದಕ್ಕೆ ನರಗುಂದ, ರೋಣ, ಗಜೇಂದ್ರಗಡ ತಾಲೂಕುಗಳಿಂದ ಮೊದಲು ಎಲ್ಲಿಗೆ, ಆಮೇಲೆ ಎಲ್ಲಿಗೆ ಎಂಬ ಒಂದು ಪುಟದ ಪಟ್ಟಿಯನ್ನು ಧಾರವಾಡ, ಬಾಗಲಕೋಟೆಯ ಅಧಿಕಾರಿಗಳೊಡನೆ ಸಮಾಲೋಚಿಸಿ ಸಿದ್ಧಪಡಿಸಿ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಅಲ್ಲಿಯವರೆಗೆ ಓದುಗರು ತಮ್ಮ ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯವರನ್ನು ಕಂಡು, ಹೃದಯದ ಚುಚ್ಚುಮದ್ದು ಇಂದು ದಾಸ್ತಾನಿದೆಯೆ, ರಾತ್ರಿ ಇ.ಸಿ.ಜಿ. ತೆಗೆಯುವವರು ಯಾರು, ಅರಿವಳಿಕೆಯ ವೈದ್ಯರು ಯಾವ ದಿನಗಳಲ್ಲಿ ಇರುತ್ತಾರೆ, ಲಕ್ವಾ ಹೊಡೆದವರನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆದು ಮನೆಯಲ್ಲಿ ಇಟ್ಟುಕೊಳ್ಳಬೇಕೆಂದು ಪ್ರಾರ್ಥನೆ.